ಕಾರ್ಸ್‌ಲೀಯ ಕೈಬುಗ್ಗೆ

ಸ್ಕಾಟ್ಲೆಂಡಿನ ದಕ್ಷಿಣದ ಅಂಚಿನಲ್ಲಿ, ಇಂಗ್ಲೆಂಡಿನ ಗಡಿಗೆ ತಾಗಿದ ಬೋಳುಗುಡ್ಡಗಳ ನಡುವೆ ಕಾರ್ಸ್‌ಲೀ ಎಂಬ ಕಣಿವೆಯಿದೆ. ಮರಗಳು ವಿರಳ, ಕುರಿಗಳು ಹೇರಳ. ಬೇಸಿಗೆ ಮುಗಿಯುವ ಹೊತ್ತಿಗೆ ಇಳಿಜಾರಿನ ಕುರುಚಲು ಗಿಡಗಳೆಲ್ಲ ನೇರಳೆ ಹೂ ಬಿಡುತ್ತವೆ. ಉಳಿದ ತಿಂಗಳುಗಳಲ್ಲಿ ಅಲ್ಲಿರುವುದು ಮಂಜು ಮತ್ತು ಗಾಳಿ. ಕಣಿವೆಯ ಮೇಲ್ಭಾಗಕ್ಕೆ ಹೋಗುವ ಕಾಲುದಾರಿಯ ಪಕ್ಕದಲ್ಲಿ ಹಳೆಯ ಪ್ರಾರ್ಥನಾಮಂದಿರವೊಂದರ ಒಂಟಿಗೋಡೆ ನಿಂತಿದೆ. ಅದರ ಬುಡದಲ್ಲಿ ಬಂಡೆಯೊಳಗಿಂದ ನೀರು ಒಸರಿ ಕಲ್ಲಿನ ತೊಟ್ಟಿಗೆ ಬೀಳುತ್ತದೆ. ಈ ಬುಗ್ಗೆ ಹಿಮ ಬಿದ್ದಾಗಲೂ ಹೆಪ್ಪುಗಟ್ಟುವುದಿಲ್ಲ. ಅಲ್ಲಿಯವರು ಇದನ್ನು ‘ಹ್ಯಾಂಡ್ ವೆಲ್’ ಎಂದು ಕರೆಯುತ್ತಾರೆ. ನಮ್ಮ ಮಾತಿನಲ್ಲಿ ಕೈಬುಗ್ಗೆ. ದಾರಿಹೋಕರು ಬೊಗಸೆಯೊಡ್ಡಿ ನೀರು ಕುಡಿಯುವುದರಿಂದ ಈ ಹೆಸರು ಬಂದಿರಬೇಕೆಂದು ಹೊರಗಿನವರು ಊಹಿಸುತ್ತಾರೆ. ಕಣಿವೆಯ ಹಿರಿಯರು ಅದನ್ನು ಒಪ್ಪುವುದಿಲ್ಲ.

ಹಿಂದೆ ಒಮ್ಮೆ, ಗಡಿಯ ಎರಡೂ ಕಡೆಯ ಅರಸರ ಮಾತು ಈ ಗುಡ್ಡಗಳವರೆಗೆ ತಲುಪದಿದ್ದ ಕಾಲದಲ್ಲಿ, ಇಲ್ಲಿ ಬೇರೆಯವರ ದನ ಹೊಡೆದುಕೊಂಡು ಹೋಗುವುದೇ ಬದುಕಾಗಿತ್ತು. ಸುಗ್ಗಿ ಮುಗಿದು ದನಗಳು ಕೊಬ್ಬಿದ ಮೇಲೆ ಒಂದು ಮನೆತನದವರು ಕುದುರೆಯೇರಿ ಇನ್ನೊಂದು ಮನೆತನದ ಕೊಟ್ಟಿಗೆಗೆ ನುಗ್ಗುತ್ತಿದ್ದರು. ಕಣಿವೆಯ ಕೆಳಗಿನ ಹುಲ್ಲುಗಾವಲು ಲೇಡ್‌ಲಾ ಮನೆತನದ್ದು, ಮೇಲಿನ ಕಲ್ಲುಕೋಟೆ ಹಾರ್ಕ್‌ನೆಸ್ ಮನೆತನದ್ದು. ಇವರ ಹಗೆ ಯಾವ ಕಾಲದಲ್ಲಿ ಹುಟ್ಟಿತೆಂಬುದು ಅವರಿಗೇ ತಿಳಿದಿರಲಿಲ್ಲ. ಒಂದು ಮುಂಜಾನೆ ಹಾರ್ಕ್‌ನೆಸ್‌ನ ಯಜಮಾನನೇ ಆಳುಗಳೊಂದಿಗೆ ಇಳಿದುಬಂದು ಲೇಡ್‌ಲಾಗಳ ಹಿರಿಯ ವಾಲ್ಟರನನ್ನು ಅವನ ಹೊಸ್ತಿಲಲ್ಲೇ ಈಟಿಯಿಂದ ತಿವಿದು ಕೊಂದನು. ಈಟಿ ಬೆನ್ನಿನಿಂದ ಹೊರಬಂದು ಬಾಗಿಲ ಹಲಗೆಯಲ್ಲಿ ನಾಟಿತು. ಅವನು ನಿಂತಂತೆಯೇ ಸತ್ತನು ಎನ್ನುತ್ತಾರೆ. ಹಲಗೆಯ ಆ ಬದಿಯಲ್ಲಿ ಅವನ ಹೆಂಡತಿ ಮೇರಿಯನ್ ಅಗುಳಿಗೆ ಭುಜ ಕೊಟ್ಟು ನಿಂತಿದ್ದಳು. ಆಗ ಅವಳು ತುಂಬು ಬಸುರಿ. ಹಿಮ ಬೀಳುವ ಮೊದಲೇ ಗಂಡುಮಗು ಹುಟ್ಟಿತು.

ಆ ಸೀಮೆಯಲ್ಲಿ ಒಂದು ಕ್ರೂರವಾದ ವಾಡಿಕೆಯಿತ್ತು. ಸೇಡು ತೀರಿಸಬೇಕಾದ ಮನೆಯಲ್ಲಿ ಗಂಡು ಹುಟ್ಟಿದರೆ, ಮಗುವನ್ನು ನೀರಿನಿಂದ ತೋಯಿಸಿ, ಹೆಸರಿಟ್ಟು ದೇವರಿಗೆ ಒಪ್ಪಿಸುವ ಜ್ಞಾನಸ್ನಾನದ ಹೊತ್ತಿನಲ್ಲಿ ಅವನ ಬಲಗೈಗೆ ಮಾತ್ರ ಪವಿತ್ರಜಲ ತಾಗಿಸುತ್ತಿರಲಿಲ್ಲ. ದೇವರಿಗೆ ಒಪ್ಪಿಸದ ಕೈ ಮುಂದೆ ಏನು ಮಾಡಿದರೂ ಅದರ ಪಾಪ ಆತ್ಮಕ್ಕೆ ಅಂಟುವುದಿಲ್ಲವೆಂಬುದು ಅವರ ನಂಬಿಕೆ. ಮಂದಿರದ ಬಳಿಯ ಇದೇ ಬುಗ್ಗೆಯಲ್ಲಿ ಮಕ್ಕಳಿಗೆ ಸ್ನಾನ ಮಾಡಿಸುತ್ತಿದ್ದರು. ಮೇರಿಯನ್ ಮಗುವಿನ ಬಲಗೈಯನ್ನು ಗಂಡನ ರಕ್ತ ಒಣಗಿದ್ದ ಅಂಗಿಯ ತುಂಡಿನಿಂದ ಸುತ್ತಿ ತಂದಳು. ಪಾದ್ರಿ ಅನುಮಾನಿಸಿ, “ತಾಯಿ, ಆ ಕೈಯನ್ನೂ ಬಿಚ್ಚಬಾರದೇ?” ಎಂದು ಕೇಳಿದನು. “ಅದು ಅವನ ಅಪ್ಪನಿಗೆ ಸೇರಿದ್ದು,” ಎಂದಳು ಅವಳು. ವಾಲ್ಟರನ ತಮ್ಮ ಗ್ಯಾವಿನ್ ಸಂತೋಷದಿಂದ ಕತ್ತಿಯನ್ನು ಮೇಲೆತ್ತಿ ಕೂಗಿದನು. ಮಗುವಿಗೆ ಆ್ಯಡಮ್ ಎಂದು ಹೆಸರಿಟ್ಟರು.

ಆ್ಯಡಮನನ್ನು ಚಿಕ್ಕಪ್ಪ ಗ್ಯಾವಿನ್‌ನೇ ಬೆಳೆಸಿದನು. ಕುದುರೆ, ಈಟಿ, ಕತ್ತಿ ಎಲ್ಲವನ್ನೂ ಕಲಿಸಿದನು. ಮೇರಿಯನ್ ಪ್ರತಿ ಊಟದಲ್ಲೂ ವಾಲ್ಟರನ ಹೆಸರು ಹೇಳದೆ ರೊಟ್ಟಿ ಮುರಿಯುತ್ತಿರಲಿಲ್ಲ. ಹುಡುಗ ಪ್ರಾಯಕ್ಕೆ ಬಂದನು, ಐಸೊಬೆಲ್ ಎಂಬ ಕುರುಬರ ಹುಡುಗಿಯನ್ನು ಮದುವೆಯಾದನು. ಆಮೇಲೊಂದು ದಿನ ಉಣ್ಣೆಯ ಸಂತೆಯಿಂದ ಮರಳಿದವನು ಉಡುಪೆಲ್ಲ ರಕ್ತವಾಗಿ ಒಳಗೆ ಬಂದು, ಊಟದ ಮೇಜಿನ ಮೇಲೆ ಯಾರದೋ ಟೋಪಿಯನ್ನಿಟ್ಟನು.

“ಅಮ್ಮ, ನಿನ್ನ ಕೆಲಸ ಮುಗಿಸಿದೆ.”

“ಯಾರು? ಯಜಮಾನನೇ?”

“ಅವನಲ್ಲ, ಅವನ ಕಿರಿಮಗ. ಉಣ್ಣೆ ತೂಗಿಸುತ್ತಿದ್ದ. ಬೆನ್ನು ತಿರುಗಿಸಿದ್ದ.”

ಮೇರಿಯನ್ ಟೋಪಿಯನ್ನು ಕೈಗೆತ್ತಿಕೊಂಡಳು. ಅದು ಸಣ್ಣದಾಗಿತ್ತು. ಒಳಗೆ ಯಾವ ತಾಯಿಯೋ ಕಿವಿಗೆ ಚಳಿ ತಾಗದಿರಲೆಂದು ಮೆತ್ತನೆಯ ಉಣ್ಣೆಯನ್ನು ಹೊಲಿದಿದ್ದಳು. ವಾಲ್ಟರ್ ಸತ್ತ ದಿನ ಈ ಹುಡುಗ ಭೂಮಿಗೇ ಬಂದಿರಲಿಲ್ಲ. ಅಷ್ಟು ವರ್ಷ ಈ ಸುದ್ದಿಗಾಗಿ ಕಾದಿದ್ದ ಅವಳು ಅಂದು ವಾಲ್ಟರನ ಹೆಸರು ಹೇಳದೆಯೇ ರೊಟ್ಟಿ ಮುರಿದಳು ಎನ್ನುತ್ತಾರೆ.

ಹಾರ್ಕ್‌ನೆಸ್‌ಗಳು ಬಹಳ ಕಾಯಿಸಲಿಲ್ಲ. ಮಂಜು ದಟ್ಟವಾಗಿದ್ದ ಒಂದು ಮಧ್ಯಾಹ್ನ ಗ್ಯಾವಿನ್ ಮತ್ತು ಆಳುಗಳು ದನಗಳ ಹಿಂದೆ ಹೋಗಿದ್ದಾಗ ಅಂಗಳಕ್ಕೆ ನುಗ್ಗಿದರು. ಕೊಟ್ಟಿಗೆಗೆ ಬೆಂಕಿಯಿಟ್ಟರು, ಕಟ್ಟಿದ್ದ ಹಸುಗಳು ಒಳಗೇ ಬೆಂದು ಒರಲಿದವು. ಅಡ್ಡ ಬಂದ ಮುದಿ ಆಳಿನ ತಲೆಯನ್ನು ಕುದುರೆಯ ಗೊರಸಿನಡಿ ತುಳಿಸಿದರು. ಆ್ಯಡಮನನ್ನು ಸೌದೆ ಒಡೆಯುವ ಕೊರಡಿನ ಮೇಲೆ ಬೋರಲು ಹಾಕಿ, “ದೇವರಿಗೆ ಸೇರದ ಕೈ ಯಾವುದು, ತೋರಿಸು,” ಎಂದು ನಗುತ್ತ, ತಾಯಿಯ ಎದುರಿನಲ್ಲೇ ಅವನ ಬಲಗೈಯನ್ನು ಕೊಡಲಿಯಿಂದ ಕಡಿದರು. ಒಂದೇ ಪೆಟ್ಟಿಗೆ ಅದು ಬೀಳಲಿಲ್ಲ. ಕಡಿದ ಕೈಯನ್ನು ಈಟಿಗೆ ಸಿಕ್ಕಿಸಿಕೊಂಡು ಹೋಗಿ ಕೋಟೆಯ ಬಾಗಿಲಿಗೆ ಮೊಳೆ ಹೊಡೆದರು. ಮೇರಿಯನ್ ತನ್ನ ಲಂಗದ ಬಟ್ಟೆಯನ್ನೆಲ್ಲ ಹರಿದು ಕಟ್ಟಿದರೂ ರಕ್ತ ನಿಲ್ಲಲಿಲ್ಲ. ಆ್ಯಡಮ್ ಚಿಕ್ಕ ಮಗುವಿನಂತೆ ಅವಳ ಮಡಿಲಿಗೆ ಮುಖ ಒತ್ತಿ, “ಅಮ್ಮ, ಸತ್ತವರೆಲ್ಲ ಏಳುವ ಕಡೆಯ ದಿನ ಆ ಕೈ ನನ್ನ ಜೊತೆ ಏಳುತ್ತದೆಯೇ?” ಎಂದು ಕೇಳಿದನು. ಅವಳು ಏನಾದರೂ ಹೇಳುವ ಮೊದಲೇ ಅವನು ತಣ್ಣಗಾದನು.

ಐಸೊಬೆಲ್ ಆಗ ಗರ್ಭಿಣಿ. ವಸಂತದಲ್ಲಿ ಅವಳಿಗೂ ಗಂಡುಮಗುವಾಯಿತು. ಗ್ಯಾವಿನ್‌ನ ಮನೆಯಲ್ಲಿ ಹಬ್ಬವಾಯಿತು. ಜ್ಞಾನಸ್ನಾನದ ದಿನ ಮಗುವಿನ ಬಲಗೈಗೆ ಸುತ್ತಲು ಅವನೇ ಆ್ಯಡಮನ ಅಂಗಿಯ ತೋಳನ್ನು ತಂದುಕೊಟ್ಟನು. ಮೇರಿಯನ್ ಅದನ್ನು ತೆಗೆದುಕೊಂಡು ಸುತ್ತಿದಳು. ದಾರಿಯಲ್ಲಿ ಸೊಸೆಯನ್ನು ಪಕ್ಕಕ್ಕೆ ಕರೆದು, “ಮಗಳೇ, ನನ್ನ ಮಗನ ಕೈಯನ್ನು ಮೊದಲು ಕಡಿದವಳು ನಾನು. ಈ ಕೂಸನ್ನು ಇವತ್ತು ನನ್ನ ತೋಳಿಗೆ ಕೊಡುತ್ತೀಯಾ?” ಎಂದು ಕೇಳಿದಳು. ಐಸೊಬೆಲ್ ಅವಳ ಮುಖವನ್ನೇ ನೋಡಿ, “ತೆಗೆದುಕೊಳ್ಳಿ ಅತ್ತೆ. ಬಿಗಿಯಾಗಿ ಹಿಡಿಯಿರಿ,” ಎಂದಳು.

ಬುಗ್ಗೆಯ ಸುತ್ತ ಲೇಡ್‌ಲಾ ಗಂಡಸರು ಆಯುಧ ಹಿಡಿದು ನಿಂತಿದ್ದರು. ಪಾದ್ರಿ ಪ್ರಾರ್ಥನೆ ಆರಂಭಿಸುತ್ತಿದ್ದಂತೆ ಮೇರಿಯನ್ ಮೊಣಕಾಲೂರಿ, ಸುತ್ತಿದ್ದ ಬಟ್ಟೆಯನ್ನು ಹಲ್ಲಿನಿಂದ ಎಳೆದು ಬಿಸಾಡಿ, ಮಗುವಿನ ಬಲಗೈಯನ್ನು ತನ್ನ ಬಲ ಅಂಗೈಯೊಳಗೆ ಹಿಡಿದು ತೊಟ್ಟಿಯ ನೀರಿಗೆ ಅದ್ದಿದಳು. ಗ್ಯಾವಿನ್ ಗರ್ಜಿಸುತ್ತ ಮುಂದೆ ನುಗ್ಗಿದನು.

“ಅತ್ತಿಗೆ, ತೆಗೆ! ಆ ಕೈ ನಮ್ಮ ಮನೆತನದ್ದು!”

“ನಿನ್ನ ಮನೆತನಕ್ಕೆ ಗಂಡನನ್ನು ಕೊಟ್ಟೆ, ಮಗನನ್ನು ಕೊಟ್ಟೆ. ಇದನ್ನು ಕೊಡುವುದಿಲ್ಲ.”

ಅವನು ಅವಳ ಕೂದಲು ಹಿಡಿದು ಎಳೆದನು; ಅವಳು ಅಲುಗಲಿಲ್ಲ. ಹೆದರಿಸಲೆಂದೇ ಕತ್ತಿಯೆತ್ತಿದನೆಂದು ಕೆಲವರು ಹೇಳುತ್ತಾರೆ, ಕೊಲ್ಲಲೆಂದೇ ಎಂದು ಕೆಲವರು. ಹೇಗಾದರೂ ಕತ್ತಿ ಇಳಿಯಿತು. ಅವಳ ಮುಂಗೈಯನ್ನು ಕತ್ತರಿಸಿ ತೊಟ್ಟಿಯ ಅಂಚಿಗೆ ಬಡಿಯಿತು. ನೀರು ಒಮ್ಮೆಲೇ ಕೆಂಪಾಯಿತು. ಮಗುವಿನ ಮುಷ್ಟಿ ಮಾತ್ರ ತುಂಡಾದ ಆ ಅಂಗೈಯೊಳಗೆ, ನೀರಿನಡಿ, ಗಾಯವಿಲ್ಲದೆ ಹಾಗೆಯೇ ಇತ್ತು. ಎಡತೋಳಿನಲ್ಲಿ ಕೂಸನ್ನು ಅವುಚಿಕೊಂಡಿದ್ದ ಮೇರಿಯನ್ ಪಾದ್ರಿಯತ್ತ ನೋಡಿ, “ಹೆಸರು ಹೇಳಿ, ಬೇಗ,” ಎಂದಳು. ಅವನು ನಿನಿಯನ್ ಎಂದು ಹೆಸರು ಕರೆದನು. ಐಸೊಬೆಲ್ ಮಗುವನ್ನು ತೆಗೆದುಕೊಂಡ ಮೇಲೆಯೇ ಅವಳು ಪಕ್ಕಕ್ಕೆ ಒರಗಿದಳು. ಸಂಜೆಯೊಳಗೆ ಪ್ರಾಣ ಹೋಯಿತು. ಗ್ಯಾವಿನ್ ಕತ್ತಿಯನ್ನು ಅಲ್ಲೇ ಬಿಟ್ಟು ಗುಡ್ಡದ ಕಡೆಗೆ ನಡೆದನು. ಒಬ್ಬರೂ ಅವನ ಹಿಂದೆ ಹೋಗಲಿಲ್ಲ, ಒಬ್ಬರೂ ಅವನನ್ನು ತಡೆಯಲಿಲ್ಲ.

ಅವಳನ್ನು ಹೂಳುವ ದಿನ ಹಾರ್ಕ್‌ನೆಸ್ ಕೋಟೆಯಿಂದ ಒಬ್ಬ ಹೆಂಗಸು ಒಂಟಿಯಾಗಿ ಇಳಿದುಬಂದಳು. ಸಂತೆಯಲ್ಲಿ ಸತ್ತ ಹುಡುಗನ ತಾಯಿ ಅವಳು. ಒಂದು ಬಟ್ಟೆಯ ಗಂಟನ್ನು ಐಸೊಬೆಲ್‌ಳ ಮುಂದಿಟ್ಟು, “ಮೊಳೆ ಕೀಳಲು ನನಗೆ ಇಷ್ಟು ದಿನ ಬೇಕಾಯಿತು,” ಎಂದಷ್ಟೇ ಹೇಳಿ ತಿರುಗಿ ಹೋದಳು. ಆ್ಯಡಮನ ಸಮಾಧಿಯನ್ನು ತೆರೆದು ಆ ಕೈಯನ್ನು ಅವನ ಪಕ್ಕದಲ್ಲಿಟ್ಟರು. ಹಗೆ ಅಂದಿಗೇ ನಿಂತುಹೋಯಿತೆಂದಲ್ಲ. ಮರುವರ್ಷವೂ ದನಗಳು ಕಳವಾದವು. ಆದರೆ ಆ ಎರಡು ಮನೆತನಗಳ ನಡುವೆ ಆಮೇಲೆ ಹೆಣ ಬೀಳಲಿಲ್ಲ ಎನ್ನುತ್ತಾರೆ. ನಿನಿಯನ್ ಬೆಳೆದು ಕುರುಬನಾದನು. ಬಹಳ ವರ್ಷಗಳ ಮೇಲೆ ಗುಡ್ಡದ ಗುಡಿಸಲೊಂದರಲ್ಲಿ ಕಣ್ಣು ಕಾಣದೆ, ಕೈಕಾಲು ಆಡದೆ ಬಿದ್ದಿದ್ದ ಮುದುಕನೊಬ್ಬನು ಅವನಿಗೆ ಸಿಕ್ಕಿದನು. ಅವನು ಗ್ಯಾವಿನ್ ಎಂದು ತಿಳಿದೂ ನಿನಿಯನ್, ಅವನು ಸಾಯುವವರೆಗೆ, ಗಂಜಿ ಕುಡಿಸಿದನಂತೆ.

ಇಂದು ಅಲ್ಲಿಗೆ ಹೋದವರಿಗೆ ತೊಟ್ಟಿಯ ಅಂಚಿನಲ್ಲಿ ಬೆರಳು ಹಿಡಿಯುವಷ್ಟು ಆಳದ ಒಂದು ಕಚ್ಚು ಕಾಣುತ್ತದೆ. ಚಳಿಗೆ ಕಲ್ಲು ಬಿರಿದದ್ದೆಂದು ತಿಳಿದವರು ಹೇಳುತ್ತಾರೆ. ಕಣಿವೆಯ ಜನ ವಾದಕ್ಕೆ ನಿಲ್ಲುವುದಿಲ್ಲ. ಚರ್ಚಿನ ಮುಖ ನೋಡದವರೂ ಮಗು ಹುಟ್ಟಿದ ವರ್ಷ ಇಲ್ಲಿಗೆ ಎತ್ತಿಕೊಂಡು ಬಂದು, ಮೊದಲು ಬಲಗೈಯನ್ನು ನೀರಿಗೆ ಅದ್ದುತ್ತಾರೆ. ಪಕ್ಕದ ಹೊಲದಲ್ಲಿ ಕುರಿ ಸಾಕುವ ಮೋರಾಗ್ ಎಂಬ ಹಿರಿಯಾಕೆ ಇದನ್ನೆಲ್ಲ ನಮಗೆ ತೋರಿಸಿ, “ನೀರು ಕೊರೆಯುತ್ತದೆ, ಕೂಸು ಚೀರುತ್ತದೆ,” ಎಂದಳು. “ಆದರೂ ಹೆಸರು ಹೇಳಿ ಮುಗಿಯುವವರೆಗೆ ಯಾವ ತಾಯಿಯೂ ಕೈ ಬಿಟ್ಟದ್ದನ್ನು ನಾನು ನೋಡಿಲ್ಲ.”