ಬಳೆ ಬೂಬಮ್ಮನ ಇಂಗ್ಲಿಷು

ಮತ್ತೆ ಬಾಯಿ ಹಾಕಿದೆಯಲ್ಲೇ ಚಂಪಿ. ಕತೆ ಶುರುವಾಗುವ ಮೊದಲೇ ನೀರು ಬೇಕಾಯಿತು, ಆಮೇಲೆ ಉಚ್ಚೆ ಬಂತು, ಈಗ ಕಾಲು ಕಡಿಯುತ್ತಿದೆಯಂತೆ. ಇಂಗ್ಲಿಷ್ ಪಾಠ ಒಪ್ಪಿಸು ಅಂದಾಗ ಮಾತ್ರ ಈ ಬಾಯಿಗೆ ಬೀಗ. ಸುಮ್ಮನೆ ಕೇಳು.

ನಮ್ಮಜ್ಜಿಯ ಅಜ್ಜಿಗೂ ಹಿಂದೆ, ಈ ಗುಡ್ಡದ ಕೆಳಗಿನ ಒಂದು ಊರಿಗೆ ಬೂಬಮ್ಮ ಅಂತ ಒಬ್ಬಳು ಬಳೆ ಮಾರಲು ಬರುತ್ತಿದ್ದಳಂತೆ. ಹೆಗಲ ಮೇಲೆ ಬಳೆಯ ಮಲಾರ, ನಾಲಿಗೆಯ ಮೇಲೆ ಇಂಗ್ಲಿಷು. ದಂಡಿನ ದೊರೆಸಾನಿಯರಿಗೆ ಬಳೆ ತೊಡಿಸುತ್ತಾ ಕಲಿತಳು ಅನ್ನುತ್ತಾರೆ. ಗಿಳಿಯೊಂದು ಕಲಿಸಿತು ಅನ್ನುವವರೂ ಇದ್ದಾರೆ. ಅವಳು ಗದರಿದರೆ ಊರ ನಾಯಿಗಳೂ ಇಂಗ್ಲಿಷಿನಲ್ಲೇ ಬೊಗಳುತ್ತಿದ್ದವಂತೆ. ಅದನ್ನು ನಾನು ನಂಬುವುದಿಲ್ಲ, ನೀನು ಬೇಕಾದರೆ ನಂಬು.

ಆ ಊರಲ್ಲಿ ತಿಪ್ಪಕ್ಕ ಅಂತ ಒಬ್ಬ ಹುಡುಗಿ. ಪೇಟೆಯ ದೊಡ್ಡ ಆಸ್ಪತ್ರೆಯಲ್ಲಿ ನರ್ಸಮ್ಮ ಆಗಬೇಕೆಂದು ಅವಳ ಆಸೆ. ದೊರೆಸಾನಿ ಡಾಕ್ಟರ ಎದುರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಮಾತ್ರ ಅಲ್ಲಿ ಸೇರಿಸಿಕೊಳ್ಳುತ್ತಿದ್ದರಂತೆ. ಹೋದ ವರ್ಷ ತುಟಿ ಬಿಚ್ಚದೆ ಬಂದಿದ್ದಳು. ಈ ಸಲವೂ ಹಾಗೇ ಬಂದರೆ ಸೋದರಮಾವನ ಜೊತೆ ಮದುವೆ ಅಂತ ಅವಳಪ್ಪ ಹೇಳಿಬಿಟ್ಟಿದ್ದ. ಆ ಮಾವನಿಗೆ ತಲೆಗಿಂತ ಕಿವಿಯಲ್ಲೇ ಕೂದಲು ಜಾಸ್ತಿಯಂತೆ.

ಒಂದು ದಿನ ಬೂಬಮ್ಮ ಅವರ ಜಗಲಿಯಲ್ಲಿ ಕೂತು ತಿಪ್ಪಕ್ಕನ ಕೈ ಹಿಡಿದಳು. ಕೈಯಲ್ಲ, ಕೊರಡು. ಬಳೆ ಗೆಣ್ಣು ದಾಟಲಿಲ್ಲ, ಪಟ್ಟೆಂದಿತು. ಬಳೆ ಒಡೆಯಿತು ಅನ್ನಬಾರದಲ್ಲ, ಅಪಶಕುನ. ಹೆಚ್ಚಿತು ಅನ್ನಬೇಕು. ಬೂಬಮ್ಮ ಹೆಚ್ಚಿತು ಅಂದು ಇನ್ನೊಂದು ತೆಗೆದಳು. ಕೈ ಸಡಿಲವಾಗಲಿ ಅಂತ ಹುಡುಗಿಯನ್ನು ಮಾತಿಗೆಳೆದಳು, ಅದೂ ಇಂಗ್ಲಿಷಿನಲ್ಲಿ.

ಶಾಲೆಯಲ್ಲಿ ತಪ್ಪಿಗೊಂದು ಏಟು ತಿಂದ ಹುಡುಗಿ ಅದು. ಹೆದರುತ್ತಲೇ ‘ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಅಂದಳಂತೆ. ಬೂಬಮ್ಮ ತಪ್ಪು ಅನ್ನಲಿಲ್ಲ. ಹೆಚ್ಚಿತು ಮಗಳೆ, ‘ಐ ಹ್ಯಾವ್’ ತೊಡು ಅಂದಳು. ‘ಶಿ ಡಿಡ್ ನಾಟ್ ಕೇಮ್’ ಅಂದಾಗಲೂ ಹೆಚ್ಚಿತು ಅಂದಳು.

“ಡಿಡ್ ಆಗಲೇ ನಿನ್ನೆಯ ಬಳೆ ತೊಟ್ಟು ಕೂತಿದೆ. ಪಕ್ಕದ ‘ಕಮ್’ ಕೈಗೂ ಯಾಕೆ ತುರುಕುತೀಯೆ? ಅದು ಇದ್ದ ಹಾಗೇ ಇರಲಿ ಬಿಡು.”

ತಿಪ್ಪಕ್ಕ ಕಿಸಕ್ಕನೆ ನಕ್ಕಳು. ನಕ್ಕ ಗಳಿಗೆಯಲ್ಲೇ ಹಸಿರು ಬಳೆ ಜಾರಿ ಮಣಿಕಟ್ಟಿಗೆ ಬಂತಂತೆ. ಆಮೇಲೆ ಬೂಬಮ್ಮ ಬಂದಾಗಲೆಲ್ಲ ಆ ಜಗಲಿಯಲ್ಲಿ ಇದೇ ಕೆಲಸ.

ಆಸ್ಪತ್ರೆಗೆ ಬೂಬಮ್ಮನೇ ಕರೆದುಕೊಂಡು ಹೋದಳು. ತಾಯಿ ಯಾಕೆ ಬರಲಿಲ್ಲ ಅಂತ ಡಾಕ್ಟರು ಕೇಳಿದರು. ‘ಮೈ ಮದರ್ ಡಿಡ್ ನಾಟ್ ಕೇಮ್’ ಅಂದುಬಿಟ್ಟಳು ತಿಪ್ಪಕ್ಕ. ಡಾಕ್ಟರ ಹುಬ್ಬು ಮೇಲೇರಿತು. ಕಿವಿಗೂದಲಿನ ಮಾವ ಹುಡುಗಿಯ ಕಣ್ಣ ಮುಂದೆ ಬಂದು ನಿಂತ. ಸೆರಗು ಸರಿಮಾಡಲು ಕೈ ಎತ್ತಿದಳು, ಬಳೆ ಸದ್ದಾಯಿತಂತೆ.

“ಹೆಚ್ಚಿತು” ಅಂದಳು, ಜೋರಾಗಿ, ಕನ್ನಡದಲ್ಲೇ. ಆಮೇಲೆ ‘ಮೈ ಮದರ್ ಡಿಡ್ ನಾಟ್ ಕಮ್’ ಅಂದಳು.

ಹೆಚ್ಚಿತು ಅಂದರೇನು ಅಂತ ಡಾಕ್ಟರು ಕೇಳಿದರು. ತಿಪ್ಪಕ್ಕ ಇಂಗ್ಲಿಷಿನಲ್ಲಿ ಹೇಳಿದಳು. ಹೇಳುವಾಗ ಮತ್ತೆ ಹೆಚ್ಚಿತು, ಮತ್ತೆ ತೊಟ್ಟಳು, ಮಾತು ಮಾತ್ರ ನಿಲ್ಲಿಸಲಿಲ್ಲ. ಡಾಕ್ಟರು ನಕ್ಕು ನಕ್ಕು ಕಣ್ಣೊರೆಸಿಕೊಂಡರಂತೆ. ನನ್ನ ಕನ್ನಡ ದಿನಾ ಹೆಚ್ಚುತ್ತದೆ, ಇಷ್ಟು ದಿನ ಯಾರೂ ಹೀಗೆ ಹೇಳಲಿಲ್ಲವಲ್ಲ ಅಂದರಂತೆ. ಹುಡುಗಿಯನ್ನು ಸೇರಿಸಿಕೊಂಡರು. ಹೊರಗೆ ಕೂತಿದ್ದ ಬೂಬಮ್ಮನನ್ನು ಕರೆಸಿ ತಾವೂ ಬಳೆಗೆ ಕೈ ಚಾಚಿದರು ಅನ್ನುತ್ತಾರೆ. ಮಾವ ಏನಾದನೋ ಯಾರೂ ಹೇಳುವುದಿಲ್ಲ.

ಅದಕ್ಕೇ ನಮ್ಮ ಕಡೆ ಇಂಗ್ಲಿಷ್ ಪರೀಕ್ಷೆಗೆ ಹೋಗುವ ಹೆಣ್ಣುಮಕ್ಕಳ ಕೈಗೆ ಈಗಲೂ ಒಂದು ಹಸಿರು ಬಳೆ ತೊಡಿಸುತ್ತೇವೆ. ಮಾತು ತಪ್ಪಿದರೆ ಹೆಚ್ಚಿತು ಅನ್ನುತ್ತೇವೆ. ನನ್ನ ಹತ್ತನೆಯ ತರಗತಿಯ ಪರೀಕ್ಷೆಗೆ ನನ್ನವ್ವನೂ ತೊಡಿಸಿದ್ದಳು. ತಾ ಕೈ.

ಚಂಪಿ ಕೈ ಕೊಟ್ಟಳು, ಬಳೆ ಸಲೀಸಾಗಿ ಇಳಿಯಿತು. ಪಾಠ ಒಪ್ಪಿಸುತ್ತಾಳೆ ಅಂದುಕೊಂಡರೆ ಮತ್ತೆ ಬಾಯಿ ಹಾಕಿದಳು.

“ಎಲ್ಲರಿಗೂ ಬೂಬಮ್ಮ ತೊಡಿಸಿದಳು. ಬೂಬಮ್ಮನ ಕೈಗೆ ಯಾರು ತೊಡಿಸಿದರವ್ವಾ?”