ನಿಂತಲ್ಲೇ ಓಡಿದ ಎಂಜಿನ್

ಕೃಷ್ಣಾ ನದಿಯ ದಂಡೆಯಲ್ಲಿ ಬಾಬುಸಾಬ ಉಸ್ತಾದರ ತಗಡಿನ ಶೆಡ್ಡು. ಮಣ್ಣು ಅಗೆಯುವ ದೊಡ್ಡ ಮಷಿನ್‌ಗಳು ಎಲ್ಲಿ ಕೆಟ್ಟು ನಿಂತರೂ ಕರೆ ಬರುತ್ತಿದ್ದುದು ಅವರಿಗೇ. ಹೆಂಡತಿ ತೀರಿಕೊಂಡ ಮೇಲೆ ಆ ಶೆಡ್ಡೇ ಅವರಿಗೆ ಮನೆಯೂ ಆಗಿತ್ತು.

ಶಿಷ್ಯ ಸಂಗನಬಸು ಡಿಪ್ಲೊಮಾ ಓದಿದವನು. ಮಷಿನ್‌ಗೆ ಲ್ಯಾಪ್‌ಟಾಪ್ ಜೋಡಿಸಿ, ಅದು ತೋರಿಸುವ ಕೋಡ್ ಓದಿ ರೋಗ ಹೇಳುತ್ತಿದ್ದ. ಕೈಗೆ ಎಣ್ಣೆ ಹತ್ತುವ ಮೊದಲೇ ಉತ್ತರ ಸಿಗುತ್ತದಲ್ಲ, ಅದರ ಮೇಲೆ ತುಸು ಜಂಬವೂ ಇತ್ತು. ಜಂಬಪಡುವ ವಯಸ್ಸೇ ಅದು, ಬಿಡಿ.

ಒಂದು ದಿನ ಅವನು ಬ್ಯಾರೇಜಿನ ಹಿನ್ನೀರಿನ ಕಡೆಯಿಂದ ಮುಖ ಸಪ್ಪೆ ಮಾಡಿಕೊಂಡು ಬಂದ. ಬೇಸಿಗೆಯಲ್ಲಿ ಒಣಗಿದ ಆ ನದಿಪಾತ್ರದಲ್ಲಿ ಜಟ್ಟೆಪ್ಪ ಎಂಬ ಆಪರೇಟರ್ ಒಬ್ಬನೇ ಹೂಳು ಎತ್ತುತ್ತಿದ್ದ.

“ಉಸ್ತಾದ, ಅದ ಕೋಡ್ ಮತ್ತ ಬಂತ್ರಿ. ಇದು ಮೂರನೇ ಸಲ.”

“ಏನಂತೈತಿ ಕೋಡ್?”

“ಹೊಗಿ ಸೋಸೋ ಫಿಲ್ಟರಿನ್ಯಾಗ ಮಸಿ ತುಂಬೇತಿ ಅಂತೈತ್ರಿ. ಎಂಜಿನ್ ಜೋರ ಕಳಕೊಂಡು ಮಣ್ಣೆತ್ತೋ ಬಕೆಟ್ ಏಳವಲ್ದು. ಮೊದಲನೇ ಸಲ ಮಸಿ ಸುಟ್ಟೆ. ಎರಡನೇ ಸಲ ಸೆನ್ಸರ್ ಬದಲಿ ಮಾಡಿದೆ. ಇವತ್ತೂ ಸದ್ಯಕ್ಕ ಮಸಿ ಸುಟ್ಟು ಬಂದೀನಿ. ಆದ್ರ ಈ ಸಲ ಕಾರಣಾನೂ ಸಿಕ್ಕೇತಿ.”

“ಹೇಳು.”

“ಈ ಹೊಸಾ ಮಷಿನ್ ಬಂದಾಗಿಂದ ಒಂಬೈನೂರು ತಾಸು ಎಂಜಿನ್ ಓಡೇತ್ರಿ. ಅದರಾಗ ಆರುನೂರು ತಾಸು ಕೆಲಸ ಇಲ್ಲದ ನಿಂತಲ್ಲೇ ಓಡೇತಿ. ಹಂಗ ಸಣ್ಣಗ ಓಡಿದ್ರ ಹೊಗಿ ಸಾಕಷ್ಟು ಕಾಯಂಗಿಲ್ಲ, ಮಸಿ ಸುಡಂಗಿಲ್ಲ, ಫಿಲ್ಟರ್ ಕಟ್ಟತೈತಿ. ಟಿಪ್ಪರ್ ಮಣ್ಣು ತುಂಬ್ಕೊಂಡು ಹ್ವಾದ್ರ ತಿರುಗಿ ಬರಾಕ ಒಂದೂವರಿ ತಾಸು. ಅಲ್ಲೀತನಕ ಇಂವ ಎಸಿ ಹಚ್ಕೊಂಡು ಮಲಗ್ತಾನ. ಆಪರೇಟರನ ತಪ್ಪು ಅಂತ ಮಷಿನ್ ಸಾವ್ಕಾರ್ರಿಗೆ ರಿಪೋರ್ಟ್ ಕೊಡ್ತೀನಿ.”

“ಕೊಟ್ರ ಏನಾಕ್ಕೈತಿ?”

“ಸೀಟಿನಿಂದ ಇಳಸ್ತಾರ.”

“ವಯಸ್ಸೆಷ್ಟು ಅವಗ?”

“ಐವತ್ತೆರಡ್ರಿ.”

ಮಷಿನ್ ಕೆಡಿಸಿದವನು ಎಂಬ ಹೆಸರು ಹೊತ್ತು ಐವತ್ತೆರಡರಲ್ಲಿ ಇಳಿದವನನ್ನು ಇನ್ನೊಬ್ಬ ಸಾಹುಕಾರ ಹತ್ತಿಸಿಕೊಳ್ಳುವುದಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

“ಜಟ್ಟೆಪ್ಪನ್ನ ಕೇಳಿದಿ?”

“ಕೇಳಿದೆ. ‘ತಪ್ಪಾತ್ರಿ’ ಅಂದ. ಅಷ್ಟ.”

“ನೀ ಹ್ವಾದಾಗ ಎಂಜಿನ್ ಚಾಲೂ ಇತ್ತೇನು?”

“ಇತ್ರಿ.”

“ಅಂವ ಎಲ್ಲಿ ಮಲಗಿದ್ದ?”

ಸಂಗನಬಸು ನೆನಪು ಮಾಡಿಕೊಂಡ. “ಮಲಗಿದ್ದಿಲ್ರಿ. ಹೊರಗ, ಮಷಿನ್ ನೆರಳಾಗ ಕುಂತಿದ್ದ.”

“ಕ್ಯಾಬಿನ್ ಬಾಗಲಾ?”

“ತೆರದಿತ್ತು.”

“ಎಸಿ ಬೇಕಾದಾಂವ ಹೊರಗ ಆ ಧಗಿಯೊಳಗ ಯಾಕ ಕುಂದರ್ತಾನ?”

ಶಿಷ್ಯ ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುವವರ ಹಾಗೆ ಮತ್ತೆ ಲ್ಯಾಪ್‌ಟಾಪ್ ಬಿಚ್ಚಲು ಹೋದ. ಉಸ್ತಾದರು ಅದರ ಮೇಲೆ ಕೈಯಿಟ್ಟರು.

“ಇದು ಇಲ್ಲೇ ಇರ್ಲಿ. ನಾಳೆ ಜಟ್ಟೆಪ್ಪಗ ರಜಾ ಕೊಡ್ಸತೀನಿ. ಅವನ ಜಾಗಾದಾಗ ನೀ ಕುಂದರು. ಟಿಪ್ಪರ್ ಹ್ವಾದ ಕೂಡ್ಲೆ ಎಂಜಿನ್ ಬಂದ್ ಮಾಡ್ಬೇಕು. ಸಂಜಿಕ ನಾ ಬರ್ತೀನಿ.”

ಮಷಿನ್ ನಡೆಸುವುದು ಸಂಗನಬಸುವಿಗೆ ಬರುತ್ತಿತ್ತು. ಮರುದಿನ ಬೆಳಿಗ್ಗೆ ಹೋಗಿ ಸೀಟು ಹತ್ತಿದ. ಮೊದಲ ಟಿಪ್ಪರ್ ಬಂತು. ಡ್ರೈವರ್ ಕೆಳಗಿಳಿಯಲಿಲ್ಲ, ಮಾತಾಡಲಿಲ್ಲ, ತುಂಬಿಸಿಕೊಂಡು ಹೊರಟುಹೋದ.

ಸಂಗನಬಸು ಎಂಜಿನ್ ಬಂದ್ ಮಾಡಿ ಇಳಿದ. ಗಾಳಿ ಬರುವ ಕಡೆ ಕಾಲು ಚಾಚಿ ಕುಳಿತ. ಸುಖವೆನಿಸಿತು. ಇಂಥ ಕೆಲಸ ಯಾರಿಗುಂಟು ಯಾರಿಗಿಲ್ಲ ಅಂದುಕೊಂಡ.

ಎರಡನೆಯ ಟಿಪ್ಪರ್ ಹೋದ ಮೇಲೆ ಫೋನ್ ತೆಗೆದು ನೋಡಿದ. ನದಿಯ ತಗ್ಗಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ಸುತ್ತ ಕಣ್ಣು ಹಾಯುವವರೆಗೂ ಬಿರುಕುಬಿಟ್ಟ ಹೂಳು. ಒಂದು ಗಿಡವಿಲ್ಲ, ಒಂದು ನಾಯಿಯಿಲ್ಲ.

ಮಧ್ಯಾಹ್ನ ರೊಟ್ಟಿ ಬಿಚ್ಚಿದ. ತಾನು ಅಗಿಯುವ ಸದ್ದು ತನಗೇ ಕೇಳಿಸಿತು. ಬದನೆಕಾಯಿ ಪಲ್ಯ ಚೆನ್ನಾಗಿತ್ತು. ಚೆನ್ನಾಗಿದೆ ಎನ್ನಲು ಎದುರಿಗೆ ಯಾರೂ ಇರಲಿಲ್ಲ. ಅರ್ಧಕ್ಕೇ ಬುತ್ತಿ ಕಟ್ಟಿಟ್ಟ.

ಮೂರನೆಯ ಟಿಪ್ಪರ್ ಹೋದಾಗ ಅವನಿಗೊಂದು ಯೋಚನೆ ಬಂತು: ಈಗ ನಾನು ಇಲ್ಲಿ ಬಿದ್ದು ಸತ್ತರೂ ಒಂದೂವರೆ ತಾಸು ಯಾರಿಗೂ ತಿಳಿಯುವುದಿಲ್ಲ. ಹಾಡುಹಗಲಲ್ಲೇ ಹೆದರಿಕೆಯಾಯಿತು. ಹೆದರಿದ್ದಕ್ಕೆ ನಾಚಿಕೆಯೂ ಆಯಿತು.

ನಾಲ್ಕನೆಯದು ಹೋಯಿತು. ಎಂಜಿನ್ ಬಂದ್ ಮಾಡಿ ಇಳಿದ. ಸ್ವಲ್ಪ ಹೊತ್ತು ನಿಂತ. ಆಮೇಲೆ ಮತ್ತೆ ಹತ್ತಿ ಚಾಲೂ ಮಾಡಿ, ಇಳಿದು ಬಂದು, ಮಷಿನ್ನಿನ ಗಾಲಿಗಳಿಗೆ ಸುತ್ತಿದ ಚೈನಿಗೆ ಬೆನ್ನು ಕೊಟ್ಟು ಕುಳಿತ. ಉಕ್ಕಿನ ನಡುಕ ಬೆನ್ನಿಗೆ ತಾಗಿತು. ಪಕ್ಕದಲ್ಲಿ ಯಾರೋ ಉಸಿರಾಡುತ್ತಿರುವ ಹಾಗಿತ್ತು. ಜೀವಕ್ಕೆ ಸಮಾಧಾನವಾಯಿತು.

ಉಸ್ತಾದರು ಬಂದಾಗಲೂ ಹಾಗೇ ಕುಳಿತಿದ್ದ. ಅವರ ಸಂಗಡ ಜಟ್ಟೆಪ್ಪನೂ ಇದ್ದ. ಸಂಗನಬಸು ಗಡಬಡಿಸಿ ಎದ್ದ.

“ತಪ್ಪಾತ್ರಿ, ಉಸ್ತಾದ.”

ಉಸ್ತಾದರು ಬಯ್ಯಲಿಲ್ಲ. ತಾವೇ ಹತ್ತಿ ಎಂಜಿನ್ ಬಂದ್ ಮಾಡಿ ಇಳಿದರು.

“ಜಟ್ಟೆಪ್ಪ, ಹಳೇ ಮಷಿನ್ ಇದ್ದಾಗೂ ಹಿಂಗ ನಿಂತಲ್ಲೇ ಓಡಸ್ತಿದ್ದೇನಪಾ?”

“ಇಲ್ರಿ. ಆವಾಗ ಲಗಮಣ್ಣ ಇದ್ದ, ನನ್ನ ಹೆಲ್ಪರ್. ಹದಿನಾಕ್ ವರ್ಷ ಕೂಡಿ ದುಡದೀವಿ. ಗ್ರೀಸ್ ಹೊಡಿಯಾಂವ ಅವನ. ಈ ಹೊಸ ಮಷಿನ್ ತನ್ನ ಗ್ರೀಸ್ ತಾನ ಹೊಡ್ಕೊಂತೈತಿ ಅಂತ ಅವನ್ನ ಬಿಡಿಸಿದ್ರು.”

“ಅಂವ ಇದ್ದಾಗ ಎಂಜಿನ್ ಬಂದ್ ಮಾಡ್ತಿದ್ದಿ. ಈಗ್ಯಾಕ ಮಾಡವಲ್ಲಿ?”

ಜಟ್ಟೆಪ್ಪ ನಕ್ಕ. ನಗು ಅರ್ಧಕ್ಕೇ ನಿಂತಿತು.

“ಬಾಯಿಬಡಕ್ರಿ ಅಂವ. ಯಾರ ಮನಿ ಎಮ್ಮಿ ಈದೇತಿ, ಯಾರ ಮನಿ ಮದವಿ ಮುರದೇತಿ, ಎಲ್ಲಾ ಅವಗ ಬೇಕು. ಎಂಜಿನ್ ಚಾಲೂ ಇದ್ರ ಅಂವ ಹೇಳೂದು ಕೇಳ್ತಿದ್ದಿಲ್ಲ. ಅದಕ್ಕ ಬಂದ್ ಮಾಡ್ತಿದ್ದೆ. ಈಗ ಬಂದ್ ಮಾಡಿ ಯಾರ್ದು ಕೇಳ್ಲಿ, ಹೇಳ್ರಿ?”

ಅವನ ಕಣ್ಣು ತುಂಬಿದವು. ಧೂಳು ಬಿತ್ತೆಂಬಂತೆ ಟವೆಲಿನಿಂದ ಒರೆಸಿಕೊಂಡ.

ಸಂಗನಬಸುವಿನ ಚೀಲದಲ್ಲಿ ನಿನ್ನೆಯೇ ಬರೆದಿಟ್ಟ ರಿಪೋರ್ಟಿತ್ತು. ಅದನ್ನು ತೆಗೆದು ಹರಿದ. ತೊಡೆಯ ಮೇಲೆ ಹೊಸ ಹಾಳೆ ಇಟ್ಟುಕೊಂಡ.

“ಕೋಡ್ ಬರದೀನಿ, ಉಸ್ತಾದ. ‘ಬೇಕಾದ ಪಾರ್ಟ್’ ಅನ್ನೋ ಕಡೆ ಏನ್ ಬರೀಲಿ?”

“ಒಬ್ಬ ಮನಷ್ಯಾ ಅಂತ ಬರಿ. ಕೆಳಗ ನನ್ನ ಹೆಸರ ಹಾಕು. ಸಾವ್ಕಾರ ಯಾರನ್ನರ ಕೇಳೂದಿದ್ರ ನನ್ನ ಕೇಳ್ಲಿ.”

“ನಗ್ತಾರ್ರಿ ಅವರು. ಅಂಥಾ ಪಾರ್ಟ್ ಯಾವಾಗ ಕಳಸ್ತಾರೋ, ಕಳಸ್ತಾರೋ ಇಲ್ಲೋ.”

ಉಸ್ತಾದರು ಚಪ್ಪಲಿ ಬಿಟ್ಟು ಜಟ್ಟೆಪ್ಪನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. “ಬರೂತನಕ ನಾ ಕುಂದರ್ತೀನಿ,” ಎಂದರು. ಆಮೇಲೆ ಅವನ ಕಡೆ ತಿರುಗಿದರು.

“ಹೂಂ, ಜಟ್ಟೆಪ್ಪ, ಎಂಜಿನ್ ಬಂದ್ ಐತಿ. ಹೇಳು.”