ದೊಡ್ಡದಾದ ದೀಪ

ಗುಮಾಸ್ತ ತಿರುಮಲಯ್ಯನ ಹೆಂಡತಿ ತೀರಿಕೊಂಡು ಮೂರು ದಿನ. ಅವಳ ಹೆಸರಲ್ಲಿ ಹನ್ನೊಂದು ದಿನ ಉರಿಯಬೇಕಾದ ಹೊಸ ದೀಪ, ಎಣ್ಣೆ ಸೋರಿ ಎರಡು ಸಲ ಕೆಟ್ಟಿತ್ತು. ಸೂತಕದವನಾದ್ದರಿಂದ ತಿರುಮಲಯ್ಯ ಅದನ್ನು ಹಿಡಿದು ಪಾತ್ರೆ ಅಂಗಡಿಯ ಮೆಟ್ಟಿಲ ಕೆಳಗೇ ನಿಂತ.

"ಶೆಟ್ರೇ, ದೀಪ ಆರಿಹೋಯ್ತು. ಬದಲಾಯಿಸಿ ಕೊಡಿ."

"ಅಂಗಡಿ ಮುಂದೆ ಅಂಥ ಮಾತಾಡ್ತಾರೇನ್ರೀ? ದೀಪ ದೊಡ್ಡದಾಯ್ತು ಅನ್ನಬೇಕು. ಮಾರಿದ್ದನ್ನ ವಾಪಸ್ ತಗೊಳಲ್ಲ."

ತಿರುಮಲಯ್ಯ ಒಳಗಿದ್ದ ಗಿರಾಕಿಗಳಿಗೂ ಕೇಳುವಂತೆ ಹೇಳಿದ: "ಸರಿ, ದೊಡ್ಡದಾಯ್ತು. ನಾನು ಕೊಂಡದ್ದು ಚಿಕ್ಕ ದೀಪ. ನಿಮ್ಮ ದೊಡ್ಡದು ನನಗ್ಯಾಕೆ? ಇಟ್ಕೊಂಡು ಚಿಕ್ಕದು ಕೊಡಿ."

ಗಿರಾಕಿಗಳು ನಕ್ಕರು. ಶೆಟ್ಟರು ಅಲ್ಲ ಅನ್ನಬೇಕಾದರೆ ದೀಪ ಆರಿತು ಅಂತ ತಾವೇ ಅನ್ನಬೇಕು. ಬೇರೆ ದೀಪ ತೆಗೆದುಕೊಟ್ಟರು.

ತಿರುಮಲಯ್ಯ ಮಾತ್ರ ನಗಲಿಲ್ಲ. "ಇನ್ನೆಂಟು ದಿನ ಇದು ಚಿಕ್ಕದಾಗೇ ಇರಲಿ ಶೆಟ್ರೇ" ಅಂದು, ಕತ್ತಲಾಗಿದ್ದ ಮನೆಗೆ ನಡೆದ.